ಕೂಗದ ಹೆಸರಿನ ಹಾಡು

ಸರೋಜಾ ಅತ್ತಿಗೆ, ಆ ಹಾಡನ್ನು ಕದ್ದವನು ನಾನು. ಚಂದ್ರು ಕೊಡಲಿಲ್ಲ. ಅಂದು ನಿಮ್ಮೆದುರು ನಿಂತು ನಾನು ಹೇಳಿದ್ದು ಹಸಿ ಸುಳ್ಳು.

ಬೀರೂರಿನಲ್ಲಿ ನಮ್ಮದೊಂದು ರಾಕ್ ಬ್ಯಾಂಡ್ ಇತ್ತಲ್ಲ — ಬೆಲ್‌ಬಾಟಮ್ ತೊಟ್ಟ ನಾಲ್ಕು ಜನ, ಎರಡು ಗಿಟಾರು, ಒಂದು ಡ್ರಮ್ಮು, ಬೇಕಾದಷ್ಟು ಜಂಬ. ಚಂದ್ರು ಹಾಡು ಕಟ್ಟುತ್ತಿದ್ದ, ನಾನು ಹಾಡುತ್ತಿದ್ದೆ. ಒಂದು ಮಧ್ಯಾಹ್ನ ಪ್ರಾಕ್ಟೀಸಿಗೆ ಬೇಗ ಹೋದಾಗ ಅವನೊಬ್ಬನೇ ಕೂತು ಗಿಟಾರ್ ಮೀಟುತ್ತಾ ಏನೋ ಹಾಡಿಕೊಳ್ಳುತ್ತಿದ್ದ. ‘ಇಂಚರ’ ಎಂಬ ಹೆಸರು ಬಂದಾಗಲೆಲ್ಲ ದನಿ ಒಡೆಯುತ್ತಿತ್ತು.

“ಹನ್ನೊಂದನೇ ದಿನ ತೊಟ್ಲಿಗೆ ಹಾಕಿ ಹೆಸ್ರು ಕೂಗ್ಬೇಕಿತ್ತು ಕಣೋ. ಒಂಬತ್ತಕ್ಕೇ ಹೋಗ್ಬಿಡ್ತು ಮಗು,” ಅಂದ. “ಸರೋಜ ಆರ್ಸಿಟ್ಟಿದ್ದ ಹೆಸ್ರು. ಮನೇಲಿ ನಾವಿಬ್ರೇ ಹಾಡ್ಕೊಳ್ಳೋದು. ಹೊರಗೆಲ್ಲೂ ಬಾಯ್ಬಿಡ್ಬೇಡ.”

ಅವನ ಕೈ ಹಿಡಿದು ಮಾತು ಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ತರೀಕೆರೆಯ ಗಣಪತಿ ಪೆಂಡಾಲಿನಲ್ಲಿ ನಮ್ಮ ಕಾರ್ಯಕ್ರಮವಿದ್ದ ದಿನ ಅವನಿಗೆ ಜ್ವರ. ನಮ್ಮ ಹಾಡುಗಳು ಹಿಡಿಸದೆ ಜನ ಎದ್ದು ಹೊರಡುತ್ತಿದ್ದರು. ಆಗ ನಾನು — ಯಾಕೆಂದು ಏನು ಹೇಳಲಿ, ಚಪ್ಪಾಳೆಯ ಹಸಿವು, ಅಷ್ಟೇ — ಡ್ರಮ್ಮಿನವನಿಗೆ ಜೋರಾಗಿ ಬಾರಿಸಲು ಹೇಳಿ ಆ ಹಾಡು ಎತ್ತಿಕೊಂಡೆ. ನಿಮ್ಮ ಮಗುವಿನ ಹೆಸರಿಗೆ ಜನ ಕುಣಿದರು, ಅತ್ತಿಗೆ. ಒನ್ಸ್ ಮೋರ್ ಎಂದು ಮೂರು ಸಲ ಹಾಡಿಸಿದರು. ಅಲ್ಲಿದ್ದ ಕ್ಯಾಸೆಟ್ ಕಂಪನಿಯವನೊಬ್ಬ ಮರುವಾರವೇ ನನ್ನನ್ನು ಕರೆಸಿಕೊಂಡ. ಎರಡು ತಿಂಗಳಲ್ಲಿ ಕಡೂರಿನ ಬಸ್ಸುಗಳಲ್ಲೆಲ್ಲ ಅದೇ ಹಾಡು.

ನೀವು ಅಜ್ಜಂಪುರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದಿರಿ. ಕೂರಲೂ ಇಲ್ಲ.

“ಅವ್ರು ಕೊಟ್ಟಿಲ್ಲ ಅಂತಾರೆ. ನೀನೇ ಹೇಳಪ್ಪ, ಕೊಟ್ರಾ?”

“ಹೂಂ ಅತ್ತಿಗೆ. ಚಂದ್ರುನೇ ಬರ್ಕೊಟ್ಟಿದ್ದು,” ಅಂದುಬಿಟ್ಟೆ. ಎರಡನೆಯ ಕ್ಯಾಸೆಟ್ಟಿನ ಮಾತು ನಡೆಯುತ್ತಿತ್ತು. ಕಳ್ಳ ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ನೀವು ತಲೆಯಾಡಿಸಿ ಹೊರಟುಹೋದಿರಿ.

ಆಮೇಲೆ ಚಂದ್ರು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ — ಹೊಡೆದಿದ್ದರೆ ಚೆನ್ನಾಗಿತ್ತು. “ಅವ್ಳು ಮಾತು ಬಿಟ್ಟವ್ಳೆ ಕಣೋ. ಒಂದೇ ಒಂದ್ಸಲ ಬಂದು ನಿಜ ಹೇಳು, ಸಾಕು,” ಅಂದ. ನಾಳೆ ಬರ್ತೀನಿ ಅಂದೆ. ಹೋಗಲಿಲ್ಲ.

ಹಾಡು ಕೇಳಿ ಕೇಳಿ ಜನ ತಮ್ಮ ಹೆಣ್ಣುಮಕ್ಕಳಿಗೆ ಅದೇ ಹೆಸರಿಡತೊಡಗಿದರು. ಆರು ವರ್ಷಕ್ಕೆ ಆ ಮಕ್ಕಳು ನಿಮ್ಮ ಒಂದನೇ ತರಗತಿಗೇ ಬಂದು ಕೂತವು. ಹಾಜರಿ ತೆಗೆದುಕೊಳ್ಳುವಾಗ ನೀವು ಅವರ ಹೆಸರು ಕೂಗದೆ ಬೆರಳು ತೋರಿಸಿ ಎಬ್ಬಿಸುತ್ತಿದ್ದಿರೆಂದು ಯಾರೋ ಹೇಳಿದರು. ಅದನ್ನು ಕೇಳಿಯೂ ಊಟಕ್ಕೆ ಎದ್ದೆ. ಅಂಥವನು ನಾನು.

ಹೋದ ತಿಂಗಳು ಚಂದ್ರು ತೀರಿಕೊಂಡ. ಇಷ್ಟು ವರ್ಷ ಒಂದೇ ಸೂರಿನಡಿ ನೀವು ಅವನೊಡನೆ ಮಾತಾಡದೆ ಬಾಳಿದಿರಂತೆ. ಈಗ ಇದನ್ನು ಬರೆದು ಯಾರಿಗೇನು ಬಂತು... ಕ್ಷಮೆ ಕೇಳುತ್ತಿಲ್ಲ, ಕೇಳುವ ಮುಖವೂ ಇಲ್ಲ. ಅವನು ನಿಮಗೆ ಹೇಳಿದ್ದೇ ನಿಜ, ಅತ್ತಿಗೆ. ಕೊನೆಯವರೆಗೂ ನಿಜವನ್ನೇ ಹೇಳುತ್ತಿದ್ದ. ನೀವು ನಂಬಿದ್ದು ನನ್ನನ್ನು.