ಫ್ಲೋರಿನ್ ಬಾಯಿ ಪಾರ್ಲಿಮೆಂಟಿಗೆ ನಿಂತದ್ದು

ಪಕ್ಷದ ತುರ್ತು ಸಭೆಗೆ ಹಾಜರಿದ್ದವರು ನಾಲ್ವರು. ಕಾಂಗರೂಗಳ ದೇಶದ ಲಿವರ್‌ಪೂಲ್‌ನ ಒಂದು ಗ್ಯಾರೇಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಬೆನ್ನು ಕೊಟ್ಟು ಕೂತಿದ್ದ ಅಭ್ಯರ್ಥಿ ಫ್ಲೋರಿನ್ ಬಾಯಿ. ಅವರ ಗಂಡ ವಲೇರಿಯನ್. ಪಕ್ಷಕ್ಕೆ ಸೇರದಿದ್ದರೂ ಸಭೆ ತಪ್ಪಿಸದ ಉಡುಪಿಯ ಸರೋಜಕ್ಕ. ಮತ್ತು ಪ್ರಚಾರ ಸಮಿತಿಯ ಅಧ್ಯಕ್ಷನಾದ ನಾನು. ಸಮಿತಿಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ನನ್ನ ಆಯ್ಕೆ ಅವಿರೋಧವಾಗಿತ್ತು. ಬದುಕಿನಲ್ಲಿ ನಾನು ಅಧ್ಯಕ್ಷನಾದದ್ದು ಅದೊಂದೇ ಸಲ. ಆ ಪದವಿಯಲ್ಲಿ ನಾನು ಮಾಡಿದ ಘನಕಾರ್ಯವನ್ನು ಇಂದು ನಿಮ್ಮಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಅದು ಎರಡು ಸಾವಿರದ ನಾಲ್ಕರ ಚುನಾವಣೆ. ಎರಡು ದೊಡ್ಡ ಪಕ್ಷಗಳಿರುವ ದೇಶದಲ್ಲಿ ಮೂರನೆಯ ಪಕ್ಷದವರೆಂದರೆ ಮದುವೆ ಮನೆಯಲ್ಲಿ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಸೇರದ ನೆಂಟರ ಹಾಗೆ. ಊಟ ಸಿಗುತ್ತದೆ, ಫೋಟೋಗೆ ಯಾರೂ ಕರೆಯುವುದಿಲ್ಲ. ನಮ್ಮ ಪಕ್ಷದ ಹೆಸರು ಉದ್ದ, ಸದಸ್ಯರ ಪಟ್ಟಿ ಗಿಡ್ಡ. ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನದ ಫ್ಲೋರಿನ್ ಬಾಯಿ ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ದಾದಿ. ಅವರು ಇಂಥ ಪಕ್ಷದಿಂದ ನಿಂತದ್ದು ತತ್ತ್ವಕ್ಕಾಗಿ ಅಲ್ಲ, ನೆರಳಿಗಾಗಿ.

ನರ್ಸಿಂಗ್ ಹೋಮಿನ ಎದುರಿನ ಬಸ್ ನಿಲ್ದಾಣದಲ್ಲಿ ಇದ್ದದ್ದು ಒಂದು ಕಂಬ ಮಾತ್ರ. ಬೇಸಿಗೆಯ ಮೂರು ಗಂಟೆಯ ಬಿಸಿಲಿನಲ್ಲಿ ಶಿಫ್ಟ್ ಮುಗಿಸಿದ ದಾದಿಯರೂ ಗಂಡನನ್ನು ನೋಡಲು ಬಂದ ಮುದುಕಿಯರೂ ಆ ಕಂಬದ ಬೆರಳಗಲದ ನೆರಳನ್ನು ಹಂಚಿಕೊಂಡು ನಿಲ್ಲುತ್ತಿದ್ದರು. ಬಿಸಿಲು ತಡೆಯಲು ಒಂದು ಮಾಡು, ಕೂರಲು ಒಂದು ಬೆಂಚು ಬೇಕೆಂದು ಫ್ಲೋರಿನ್ ಬಾಯಿ ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಅವರ ನಿವೃತ್ತಿಗೆ ಇನ್ನು ನಾಲ್ಕೇ ವರ್ಷ. ಅಷ್ಟರೊಳಗೆ ನೆರಳು ಬರಲೇಬೇಕು ಎಂಬುದು ಅವರ ಹಟ.

"ಬಾಯೀ, ಬಸ್ ಸ್ಟಾಪು ಊರಿನ ಕೌನ್ಸಿಲ್‌ನದ್ದು, ಬಸ್ಸು ರಾಜ್ಯದ್ದು. ನೀವು ನಿಲ್ಲುದು ದೇಶದ ಪಾರ್ಲಿಮೆಂಟಿಗೆ," ಎಂದೆ ನಾನು.

"ಬಿಸಿಲು ಯಾರದ್ದು ಮಾರಾಯ್ರೆ? ಅದನ್ನು ಹೇಳಿ ಮೊದಲು."

"ಇವಳಿಗೆ ಉತ್ತರ ಕೊಡ್ಬೇಡಿ," ಎಂದರು ವಲೇರಿಯನ್. "ನಾನು ಇಪ್ಪತ್ತೆಂಟು ವರ್ಷ ಆಯ್ತು, ಬಿಟ್ಟಿದ್ದೇನೆ."

ಬಾಯಿಯ ಲೆಕ್ಕಾಚಾರ ನನ್ನದಕ್ಕಿಂತ ಚುರುಕಾಗಿತ್ತು. ಇಲ್ಲಿ ಮತಪತ್ರದಲ್ಲಿರುವ ಎಲ್ಲ ಹೆಸರುಗಳಿಗೂ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಕೊಡಬೇಕು. ಒಂದನೆಯವರು ಸೋತರೆ ಆ ಮತ ಎರಡನೆಯವರಿಗೆ ಹೋಗುತ್ತದೆ. ಆದ್ದರಿಂದ ಸೋಲುವವರ ಹಿಂದೆಯೂ ಸಾಕಷ್ಟು ಜನರಿದ್ದರೆ ಆ ಎರಡನೆಯ ನಂಬರಿಗಾಗಿ ದೊಡ್ಡ ಪಕ್ಷದವರು ಬಂದು ಮಾತನಾಡಿಸುತ್ತಾರೆ. "ಗೆಲ್ಲುದು ಯಾರಿಗೆ ಬೇಕು? ಲೆಕ್ಕಕ್ಕೆ ಸಿಗುವಷ್ಟು ಓಟು ಪಡೆದು ಸೋತರೆ ಸಾಕು," ಎನ್ನುತ್ತಿದ್ದರು ಬಾಯಿ.

ಎರಡು ತಿಂಗಳು ಓಡಾಡಿದೆವು. ಊರವರು ಜಿಲೇಬಿ ಕೊಳ್ಳಲು ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಬರುತ್ತಾರೆಂದು ಅಲ್ಲಿಯ ಮಿಠಾಯಿ ಅಂಗಡಿಯ ಮುಂದೆ ನಿಂತು, ನಮ್ಮ ಕ್ಷೇತ್ರದವರು ಸಿಕ್ಕಿದರೆ ಕೈಮುಗಿದೆ. ಕರಪತ್ರ ಹಾಕಲು ಹೋಗಿ ನಾಯಿಗಳ ಪರಿಚಯವಾಯಿತು. ಸಿಕ್ಕವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: "ನಮ್ಮ ಬಾಯಿಗೆ ಒಂದು ಹಾಕಿ." ಅಷ್ಟು ಹೇಳಿ ನಿಲ್ಲಿಸಿದ್ದೇ ನನ್ನ ಘನಕಾರ್ಯ.

ಮತದಾನದ ದಿನ ಸಂಜೆ ಎಣಿಕೆ ನೋಡಲು ನಮ್ಮ ಪಕ್ಷದ ಪರವಾಗಿ ಶಾಲೆಯ ಹಾಲಿನಲ್ಲಿ ನಿಂತೆ. ನೋಡಬಹುದು, ಮುಟ್ಟುವಂತಿಲ್ಲ. ಅಸಿಂಧು ಮತಗಳ ಕಟ್ಟು ಬೆಳೆಯುತ್ತಾ ಹೋಯಿತು. ಅದರಲ್ಲಿ ಹಾಳೆಯ ಮೇಲೆ ಹಾಳೆ ನಮ್ಮವೇ. ಫ್ಲೋರಿನ್ ಬಾಯಿಯ ಹೆಸರಿನ ಮುಂದಿನ ಮನೆಯಲ್ಲಿ ದೊಡ್ಡದೊಂದು ರೈಟ್ ಗುರುತು, ಉಳಿದ ಐದು ಮನೆ ಖಾಲಿ. ಒಂದು ಹಾಳೆಯಲ್ಲಿ ಕನ್ನಡದ ಸಾಲೊಂದಿತ್ತು. ಅಧಿಕಾರಿ ಕನ್ನಡಕ ಏರಿಸಿ, ಏನು ಬರೆದಿದೆಯೆಂದು ನನ್ನನ್ನು ಕೇಳಿದ.

"ನನ್ನ ಓಟು ಫ್ಲೋರಿನ್ ಬಾಯಿಗೆ ಮಾತ್ರ, ಬೇರೆ ಯಾರಿಗೂ ಇಲ್ಲ" ಎಂದಿದೆ ಎಂದೆ.

"ಸ್ವೀಟ್," ಎಂದು ಅದನ್ನೂ ಅಸಿಂಧು ಕಟ್ಟಿನ ಮೇಲಿಟ್ಟ.

ಆ ದುಂಡು ಅಕ್ಷರ ಸರೋಜಕ್ಕನದು. ನಮ್ಮ ಕನ್ನಡ ಸಂಘದ ನೋಟೀಸುಗಳನ್ನೆಲ್ಲ ಬರೆಯುವವರು ಅವರೇ.

ತಪ್ಪು ಅವರದಲ್ಲ. ನನ್ನ ಅಜ್ಜ ಊರಿನಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ದಿನವೆಲ್ಲ ಹೇಳುತ್ತಿದ್ದರು: "ಓಟೆಂದರೆ ಕನ್ಯಾದಾನವಿದ್ದ ಹಾಗೆ ಮಗಾ. ಕೊಡುವುದು ಒಬ್ಬನಿಗೆ." ದಾನದ ವಿಷಯದಲ್ಲಿ ನಮ್ಮ ಹಿರಿಯರು ಬಿಗಿ. ಕೊಟ್ಟ ಗೋವನ್ನು, ಈ ಬ್ರಾಹ್ಮಣನಿಗೆ ಆಗದಿದ್ದರೆ ಆ ಬ್ರಾಹ್ಮಣನಿಗೆ, ಅವನಿಗೂ ಆಗದಿದ್ದರೆ ಮೂರನೆಯವನಿಗೆ ಎಂದು ಸಂಕಲ್ಪ ಮಾಡಿದವರುಂಟೇ? ಹಾಗೆ ಬೆಳೆದವರಿಗೆ ಎದುರಾಳಿಯ ಹೆಸರಿನ ಮುಂದೆ ಎರಡು ಎಂದು ಬರೆಯುವುದು ನಂಬಿದವರ ಬೆನ್ನ ಹಿಂದೆ ಮಾಡುವ ಕೆಲಸದಂತೆ ಕಂಡಿತು. ನಿಷ್ಠೆಯಿಂದಲೇ ನಮ್ಮನ್ನು ಮುಳುಗಿಸಿದ್ದರು.

ಬಾಯಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಮತ ಪಡೆದು ಸೋತರು. ದೊಡ್ಡವರು ಯಾರೂ ಬರಲಿಲ್ಲ. ಮರುದಿನ ಗ್ಯಾರೇಜಿನ ಆ ತುರ್ತು ಸಭೆಯಲ್ಲಿ ನಾನು ಯಾರ ಹೆಸರನ್ನೂ ಎತ್ತದೆ, ಒಂದೇ ಮನೆ ತುಂಬಿದ ಹಾಳೆಗಳೆಲ್ಲ ಹಾಳಾದವು ಎಂದೆ. ಸರೋಜಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಹಾಗಾದ್ರೆ ಓಟು ದಾನ ಅಲ್ಲ," ಎಂದರು. "ಎಲೆಗೆ ಬಡಿಸುದು. ನಂಗೆ ಹಾಗಲಕಾಯಿ ಗೊಜ್ಜು ಆಗುದಿಲ್ಲ. ಹಾಗಂತ ಎಲೆಯ ಮೂಲೆಗೆ ಹಾಕದೆ ಬಿಡುದುಂಟಾ? ಜಾಗ ಖಾಲಿ ಇದ್ರೆ ಅದು ಊಟವೇ ಅಲ್ಲ."

"ಅಂದ್ರೆ ದೊಡ್ಡ ಪಕ್ಷದವರು ಹಾಗಲಕಾಯಿಯಾ?" ಎಂದರು ವಲೇರಿಯನ್.

"ಒಬ್ಬ ಹಾಗಲಕಾಯಿ, ಇನ್ನೊಬ್ಬ ಉಪ್ಪು ಕಮ್ಮಿಯಾದ ಪಲ್ಯ. ಆದ್ರೂ ಬಡಿಸ್ಬೇಕು."

ಫ್ಲೋರಿನ್ ಬಾಯಿ ನಕ್ಕರು. ಸೋತ ಮೇಲೆ ಅವರು ನಕ್ಕದ್ದು ಆಗಲೇ. "ಸರೋಜಕ್ಕ, ನೀವು ಇದನ್ನು ಎಲ್ಲರಿಗೆ ಹೇಳ್ತೀರಾದ್ರೆ ನಾನು ಇನ್ನೊಂದು ಸಲ ನಿಲ್ತೇನೆ."

ನಾನು ಎರಡು ತಿಂಗಳಲ್ಲಿ ಕಲಿಸಲಾಗದ ಸಂವಿಧಾನವನ್ನು ಸರೋಜಕ್ಕ ಸಂಘದ ದೀಪಾವಳಿ ಊಟದಲ್ಲಿ ಕಲಿಸಿದರು. ಬಾಗಿಲಲ್ಲೇ ಚೀಟಿ ಹಂಚಿಕೆ. ಆರು ಅಡುಗೆಯ ಹೆಸರು, ಆರಕ್ಕೂ ಇಷ್ಟದ ಕ್ರಮದಲ್ಲಿ ನಂಬರ್ ಕೊಡಬೇಕು. ಒಂದು ಮನೆ ಖಾಲಿ ಬಿಟ್ಟವರಿಗೆ ಪಾಯಸ ಇಲ್ಲ. ಮೊದಲ ವರ್ಷ ಪಾಯಸ ಸಿಗದವರಲ್ಲಿ ನಾನೂ ಒಬ್ಬ. ಬಿಸಿಬೇಳೆ ಬಾತಿಗೆ ಒಂದು ಎಂದು ಬರೆದು ಕೈಬಿಟ್ಟಿದ್ದೆ. ಎರಡನೆಯ ವರ್ಷ ನನಗೂ ಪಾಯಸ ಸಿಕ್ಕಿತು. ಮೂರನೆಯ ವರ್ಷ ಪಾಯಸವೇ ಸಾಲಲಿಲ್ಲ.

ಎರಡು ಸಾವಿರದ ಏಳರಲ್ಲಿ ಫ್ಲೋರಿನ್ ಬಾಯಿ ಮತ್ತೆ ನಿಂತರು, ಮತ್ತೆ ಸೋತರು. ಆದರೆ ಈ ಸಲ, ಅವರೇ ಬಯಸಿದ ಹಾಗೆ, ಲೆಕ್ಕಕ್ಕೆ ಸಿಗುವಷ್ಟು ಮತ ಪಡೆದು. ಶಾಲೆಯ ಹಾಲಿನ ಅಸಿಂಧು ಕಟ್ಟು ಎಷ್ಟು ತೆಳ್ಳಗಿತ್ತೆಂದರೆ, ಅದರಲ್ಲಿ ಪರಿಚಯದ ಅಕ್ಷರವನ್ನು ಹುಡುಕಿ ನನಗೆ ನಿರಾಸೆಯಾಯಿತು. ಆಮೇಲೆ ಒಂದು ಭಾನುವಾರ ದೊಡ್ಡ ಪಕ್ಷವೊಂದರ ಕೌನ್ಸಿಲ್ ಸದಸ್ಯರೊಬ್ಬರು ಗ್ಯಾರೇಜಿಗೆ ಬಂದು, ಮಡಚುವ ಕುರ್ಚಿಯಲ್ಲಿ ಕೂತು, ನೀರುದೋಸೆ ತಿಂದು, ಕಂಬ ಎಲ್ಲಿದೆಯೆಂದು ಕೇಳಿ ಬರೆದುಕೊಂಡು ಹೋದರು. ಗೆದ್ದವರ ಕಥೆ ಎಲ್ಲರೂ ಹೇಳುತ್ತಾರೆ. ಚೆನ್ನಾಗಿ ಸೋಲುವುದಕ್ಕೂ ಅಭ್ಯಾಸ ಬೇಕೆಂದು ನನಗೆ ತೋರಿದ್ದು ಆ ಗ್ಯಾರೇಜಿನಲ್ಲಿ.

ಅಷ್ಟರಲ್ಲಿ ನನಗೆ ಮೆಲ್ಬರ್ನಿನ ಕಡೆ ಕೆಲಸ ಸಿಕ್ಕಿ ಡ್ಯಾಂಡಿನಾಂಗ್‌ಗೆ ಬಂದೆ. ಮುಂದಿನ ಬೇಸಿಗೆಯಲ್ಲಿ ಸರೋಜಕ್ಕ ಫೋನ್ ಮಾಡಿದರು. ಮಾಡು ಬಂದಿತ್ತು. ಅದರ ಕೆಳಗೆ ಇಬ್ಬರು ಕೂರುವಷ್ಟು ಬೆಂಚೂ ಇತ್ತು. ಮೊದಲ ದಿನ ಮೂರು ಗಂಟೆಗೆ ಫ್ಲೋರಿನ್ ಬಾಯಿ ಶಿಫ್ಟ್ ಮುಗಿಸಿ ಬಂದಾಗ ಅಲ್ಲಿ ಇಬ್ಬರು ಮುದುಕಿಯರು ಕೂತಿದ್ದರಂತೆ. ಏಳಲು ಹೊರಟವರನ್ನು ಬಾಯಿ ಭುಜ ಹಿಡಿದು ಕೂರಿಸಿ, ತಾವು ಪಕ್ಕದಲ್ಲಿ ನಿಂತು ಬಸ್ಸಿಗೆ ಕಾದರಂತೆ.