ಅತ್ತೆಯ ಮೀನಿನ ಬುಟ್ಟಿ

ನನ್ನ ಬಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಗಂಡನ ಅಣ್ಣ, ಕುಮಟೆಯಲ್ಲಿ ಮಾಸ್ತರ. ಹೊನ್ನಾವರದ ಹೊಳೆಗೆ ಸೇತುವೆಯಾಗುವ ಮೊದಲು, ಪ್ರತಿ ಭಾನುವಾರ ದೋಣಿಯಲ್ಲಿ ದಾಟಿ ಕಾಸರಕೋಡಿನ ನಮ್ಮ ಮನೆಗೆ ಬರುತ್ತಿದ್ದ. ತಾಯಿಯನ್ನು ನೋಡಲಿಕ್ಕಲ್ಲ, ಪರೀಕ್ಷೆ ಮಾಡಲಿಕ್ಕೆ. ಅತ್ತೆಗೆ ಮರೆವು ಹಿಡಿದು ಎರಡು ವರ್ಷವಾಗಿತ್ತು.

"ಅವ್ವಿ, ಇವತ್ತು ಎಂತ ವಾರ? ನಾ ಯಾರು, ಹೇಳು ನೋಡ್ವ?" ಎಂದು ಅಕ್ಕಪಕ್ಕದವರ ಎದುರಿಗೇ ಕೇಳುವನು. ಹಾಗೆ ಕೇಳಿದರೆ ಬುದ್ಧಿ ಚುರುಕಾಗುತ್ತದಂತೆ! ಅತ್ತೆ ಸೆರಗು ಹಿಂಡುತ್ತ ಅಳುತ್ತಿದ್ದಳು.

ನನ್ನ ಮದ್ದು ಬೇರೆ ಇತ್ತು. ಅತ್ತೆ ಹರೆಯದಿಂದ ಮೀನು ಒಣಗಿಸಿ ಮಾರಿದವಳು. ಒಣ ಸಿಗಡಿಯನ್ನೂ ಸಣ್ಣ ಮೀನನ್ನೂ ಬೆರೆಸಿ ಬುಟ್ಟಿ ಮುಂದಿಟ್ಟರೆ, ಮಧ್ಯಾಹ್ನದೊಳಗೆ ಒಂದೂ ತಪ್ಪದಂತೆ ಬೇರೆ ಮಾಡಿ, ಇದು ಯಾವ ಬಲೆಯದು, ಎಷ್ಟು ಬಿಸಿಲು ಬೇಕು ಎಂದೆಲ್ಲ ಹೇಳುತ್ತಿದ್ದಳು. ಸಂಜೆ, ಮರುದಿನವೂ ಅವಳಿಗೆ ಕೆಲಸವಿರಲೆಂದು, ನಾನು ಮತ್ತೆ ಬೆರೆಸಿಡುತ್ತಿದ್ದೆ.

ಒಂದು ಭಾನುವಾರ ನಾನು ಬೆರೆಸುವುದನ್ನು ಬಾವ ಕಂಡ. "ನನ್ನ ಅವ್ವಿನ ಮಂಗ ಮಾಡ್ತೀಯಾ? ನಾಚ್ಕೆ ಆಗುದಿಲ್ವಾ ನಿಂಗೆ?" ಎಂದು ಅತ್ತೆಯ ಕಣ್ಣೆದುರೇ ಬುಟ್ಟಿಯನ್ನು ಕಸಿದು ಮರಳಿಗೆ ಸುರಿದ. ಬಾವನ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಬಾಗಿಲ ಹಿಂದೆ ನಿಂತು ಹಲ್ಲು ಕಡಿದೆ.

ಮರುವಾರ ಮತ್ತೆ ಪರೀಕ್ಷೆ. "ನಾ ಯಾರು, ಹೇಳು?"

ಈ ಸಲ ಅತ್ತೆ ಅಳಲಿಲ್ಲ. ಮಗನ ಮುಖವನ್ನೇ ದಿಟ್ಟಿಸಿದಳು. "ಗೊತ್ತಿಲ್ದೇ ಎಂತ? ನನ್ನ ಬುಟ್ಟಿ ಚೆಲ್ದಾಂವ ನೀನು."

ಮದುವೆಯಾಗಿ ಬಂದ ಮೇಲೆ ಮೊದಲ ಸಲ ಬಾವನಿಗೆ ಕೇಳುವಂತೆ ಬಾಯಿಬಿಟ್ಟೆ: "ಉತ್ತರ ಸರಿ ಆತು, ಮಾಸ್ತರ್ರೇ."