ಎರಡು ಅಂಕಿಗಳ ನಡುವಿನ ಗೌರಿ

ಬೆಳಿಗ್ಗೆ ನೇಲ್‌ಕಟರ್ ಹುಡುಕುತ್ತಾ ಹಳೇ ಡ್ರಾಯರ್ ಎಳೆದೆ ನೋಡಿ, ಗಪ್ಪೆಂದು ರಬ್ಬರಿನ ವಾಸನೆ. ನನ್ನ ಹೆಂಡತಿ ಗೌರಿ ಮದುವೆಗೆ ಮುಂಚೆ ನಕ್ಷೆ ಬರೆಯುತ್ತಿದ್ದ ಕಾಲದ ರಬ್ಬರು. ಅವಳೋ, ಮೊನ್ನೆಯಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಯಳಂದೂರಿನ ಅವಳ ತಂಗಿಯ ಮನೆಗೆ ಬರಲಾರೆ ಎಂದಿದ್ದೆ. ಇವತ್ತು ಮಾತಿಲ್ಲದೆ ತಟ್ಟೆ ಇಟ್ಟಳು. ಎರಡನ್ನೂ ಸೇರಿಸಿ ಗೆರೆ ಎಳೆದು, ಕೋಪವೇ ಎಂದು ತೀರ್ಮಾನಿಸಿ, ನಾನೂ ಮುಖ ಊದಿಸಿಕೊಂಡಿದ್ದೆ.

ಏನು ಮಾಡಲಿ, ಕಸುಬಿನ ಚಾಳಿ. ನಾನು ಸರ್ವೆಯವನು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗೆ ನಾವು ಕಾಂಟೂರ್ ಎನ್ನುತ್ತೇವೆ. ಅಂಗುಲ ಅಂಗುಲವೂ ಅಳೆಯಲಾದೀತೆ? ಇಲ್ಲಿ ತೊಂಬತ್ತೆಂಟು ಮೀಟರ್, ಅಲ್ಲಿ ನೂರೆರಡು ಎಂದು ಸಿಕ್ಕರೆ, ನೂರರ ಗೆರೆ ನಟ್ಟನಡುವೆ ಎಂದು ಲೆಕ್ಕ ಹಾಕಿ ಎಳೆದುಬಿಡುವುದು. ನೆಲ ನಮ್ಮ ಲೆಕ್ಕದಂತೆಯೇ ಇಳಿದಿದೆ ಎಂಬ ಧೈರ್ಯ!

ಆಗ ಗೌರಿ ಮಧುವನಹಳ್ಳಿಯಿಂದ ಕೊಳ್ಳೇಗಾಲದ ನಮ್ಮ ಆಫೀಸಿಗೆ ನಕ್ಷೆ ಬರೆಯಲು ಬಸ್ಸಿನಲ್ಲಿ ಬರುತ್ತಿದ್ದಳು. ಬಂಡಳ್ಳಿಯ ಹೊಲವೊಂದನ್ನು ನಿಯಮದ ಪ್ರಕಾರವೇ ಅಳೆದು ಅಂಕಿ ಕೊಟ್ಟೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

“ಈ ಎಲ್ಡರ ಮಧ್ಯ ಏನೈತೆ ಸಾ?”

“ಒಂದೇ ಇಳಿಜಾರು ಕಣ್ರಿ.”

“ನೋಡಿದ್ರೋ, ಅಂದ್ಕಂಡ್ರೋ?”

ಅಬ್ಬಾ, ಏನು ಧಿಮಾಕು! ಮರುದಿನ ಗೊಣಗುತ್ತಾ ಮತ್ತೆ ಆ ಹೊಲಕ್ಕೆ ಹೋದೆ. ನಡುವೆ, ಲಂಟಾನ ಪೊದೆಯ ಮರೆಯಲ್ಲಿ, ಎಮ್ಮೆ ಇಳಿದರೂ ಕಾಣದಷ್ಟು ಆಳದ ಕೊರಕಲು. ಆ ಪ್ರಶ್ನೆ ಕೇಳಿದವಳನ್ನೇ ಮದುವೆಯಾದೆ. ಅಲ್ಲಿಗೆ ನನಗೆ ಬುದ್ಧಿ ಬಂತು ಎಂದುಕೊಂಡಿರಾ? ಹಾಗಾದರೆ ನೀವೂ ನಮ್ಮ ಕಸುಬಿನವರೇ.

ಡ್ರಾಯರ್ ಮುಚ್ಚಿ ಅಡುಗೆಮನೆಗೆ ಹೋದೆ. ಇಷ್ಟು ವರ್ಷ ಸಂಸಾರ ಮಾಡಿಯೂ ಕೇಳಲು ಸಂಕೋಚ. “ಗೌರಿ, ನನ್ ಮೇಲೆ ಕ್ವಾಪಾನ?”

“ನಿಮ್ ಮೇಲ್ಯಾಕ್ರೀ ಕ್ವಾಪ?” ಎಂದವಳು ಸೆರಗನ್ನು ಬಾಯಿಗೊತ್ತಿಕೊಂಡಳು. “ಬಲಗಣ್ಣು ಮಂಜಾಯ್ತಾ ಅದೆ ಕಣ್ರೀ. ಒಲೆ ಉರಿನೂ ನೆಟ್ಟಗೆ ಕಾಣಕಿಲ್ಲ. ಎದ್ರಿಕೆ ಆಗಿ, ಬಾಯ್ಬಿಟ್ಟು ಏಳಕ್ಕಾಗ್ಲಿಲ್ಲ.”

ಇದು ನನ್ನ ಯಾವ ಗೆರೆಯಲ್ಲೂ ಇರಲಿಲ್ಲ.

ಈಗ ಮೈಸೂರಿನ ಬಸ್ಸಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇವೆ. ಪೊರೆ ಇರಬೇಕು, ವಯಸ್ಸಾದ ಮೇಲೆ ಯಾರಿಗೆ ಬರುವುದಿಲ್ಲ, ಸಂಜೆಯೊಳಗೆ ವಾಪಸ್ಸು ಬಂದುಬಿಡೋಣ ಎಂದು ಶುರುಮಾಡಿದೆ.

“ಲೆಕ್ಕ ಆಕ್ಬ್ಯಾಡಿ,” ಎಂದಳು. “ಕೈ ಇಡ್ಕಂಡು ಕೂತ್ಕಳಿ.”

ಹಿಡಿದುಕೊಂಡೆ. ನನಗೂ ಹೆದರಿಕೆಯಾಗುತ್ತಿದೆ ಎಂದು ಅವಳಿಗೆ ಹೇಳಿಯೇಬಿಟ್ಟೆ.